ಸೋಲಾರ್ ಷೇರು ಕೊಳ್ಳುವ ಮುಂಚೆ: ದುಡ್ಡು ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಕಂಡುಕೊಳ್ಳುವುದು ಹೇಗೆ

2014ರಲ್ಲಿ ಇಡೀ ಭಾರತದ ಸೋಲಾರ್ ಸಾಮರ್ಥ್ಯ 3 ಗಿಗಾವಾಟ್ ಕೂಡ ಇರಲಿಲ್ಲ. ಈಗ ನಮ್ಮ ಪಾವಗಡದ ಪಾರ್ಕ್ ಒಂದರಲ್ಲೇ 2,050 ಮೆಗಾವಾಟ್, ಅಂದರೆ 2 ಗಿಗಾವಾಟ್‌ಗೂ ಜಾಸ್ತಿ ಇದೆ. 2025ರ ಜನವರಿ ಕೊನೆಗೆ ದೇಶದ ಒಟ್ಟು ಲೆಕ್ಕ 100 ಗಿಗಾವಾಟ್ ದಾಟಿತು. ಇಷ್ಟು ವೇಗವಾಗಿ ಬೆಳೆಯುವ ಉದ್ಯಮ, ಮುಂದೆಯೂ ಬೆಳೆಯುವುದು ಖಚಿತ, ಹಾಗಾದರೆ ಯಾವುದಾದರೂ ನಾಲ್ಕು ಸೋಲಾರ್ ಷೇರು ತಗೊಂಡು ಹತ್ತು ವರ್ಷ ಸುಮ್ನೆ ಇದ್ದರೆ ಆಯ್ತಲ್ವಾ?

ಇಲ್ಲ. ಯಾಕೆ ಅಂತ ಇತಿಹಾಸವೇ ಹೇಳುತ್ತದೆ. ಜರ್ಮನಿಯ ಕ್ಯೂ-ಸೆಲ್ಸ್ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಸೋಲಾರ್ ಸೆಲ್ ತಯಾರಕ ಕಂಪನಿ. 2012ರಲ್ಲಿ ದಿವಾಳಿ ಆಯಿತು. ಪ್ಯಾನೆಲ್‌ನಲ್ಲಿ ಮೊದಲ ಸ್ಥಾನಕ್ಕೆ ಏರಿದ್ದ ಚೀನಾದ ಸನ್‌ಟೆಕ್ 2013ರಲ್ಲಿ ಕುಸಿಯಿತು. ಅಮೆರಿಕದ ಸನ್‌ಎಡಿಸನ್ 2016ರಲ್ಲಿ, ಸನ್‌ಪವರ್ 2024ರಲ್ಲಿ. ನಮ್ಮಲ್ಲೂ ಇಂಡೋಸೋಲಾರ್ ದಿವಾಳಿಯಾಗಿ ವಾರೀ ಕಂಪನಿಯ ಕೈಗೆ ಹೋಯಿತು. ಈ ಅವಧಿಯಲ್ಲೆಲ್ಲ ಜಗತ್ತಿನಲ್ಲಿ ಸೋಲಾರ್ ಅಳವಡಿಕೆ ಏರುತ್ತಲೇ ಇತ್ತು. ಉದ್ಯಮ ಗೆದ್ದಿತು, ಷೇರು ಹಿಡಿದವರು ಸೋತರು.

ಕಾರಣ ಸರಳ. ಪ್ಯಾನೆಲ್ ಅಗ್ಗ ಆಗುತ್ತಾ ಹೋದದ್ದರಿಂದಲೇ ಸೋಲಾರ್ ಬೆಳೆಯಿತು. ಅಗ್ಗ ಆದದ್ದರ ಲಾಭ ವಿದ್ಯುತ್ ಕೊಳ್ಳುವವರಿಗೆ ಸಿಕ್ಕಿತು, ತಯಾರಿಸಿದವರಿಗೆ ಸಿಗಲಿಲ್ಲ. ಹಾಗಾಗಿ ನಿಮ್ಮ ಕೆಲಸ ಸೋಲಾರ್‌ಗೆ ಭವಿಷ್ಯ ಇದೆಯಾ ಎಂದು ಕೇಳುವುದಲ್ಲ. ಅದು ಇದೆ. ಈ ವ್ಯವಹಾರದಲ್ಲಿ ದುಡ್ಡು ಯಾರ ಹತ್ತಿರ ಉಳಿಯುತ್ತದೆ ಎಂದು ಹುಡುಕುವುದು ನಿಮ್ಮ ಕೆಲಸ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕೇ. ಇಲ್ಲಿ ಹೆಸರು ಬಂದ ಕಂಪನಿಗಳನ್ನು ಕೊಳ್ಳಿ ಅಂತಲೂ ಹೇಳುತ್ತಿಲ್ಲ, ಮಾರಿ ಅಂತಲೂ ಹೇಳುತ್ತಿಲ್ಲ. ಅವು ಉದಾಹರಣೆ ಅಷ್ಟೇ.

ಹೆಜ್ಜೆ 1: ಮೊದಲು ನಿಮ್ಮ ಸ್ವಂತ ಛಾವಣಿಯ ಲೆಕ್ಕ ಹಾಕಿ

ಸ್ವಂತ ಮನೆ ಇದ್ದರೆ ಷೇರಿಗಿಂತ ಮುಂಚೆ ಇದನ್ನು ನೋಡಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಹಾಕಿದರೆ 78,000 ರೂಪಾಯಿ ಸಬ್ಸಿಡಿ ಇದೆ. 3 ಕಿಲೋವಾಟ್‌ಗೆ ಸುಮಾರು 1.8ರಿಂದ 2 ಲಕ್ಷ ಖರ್ಚು ಅಂತ ಇಟ್ಟುಕೊಳ್ಳಿ. ಸಬ್ಸಿಡಿ ಕಳೆದರೆ ಕೈಯಿಂದ ಹೋಗುವುದು ಒಂದು ಲಕ್ಷ ಚಿಲ್ಲರೆ. ದಿನಕ್ಕೆ ಕಿಲೋವಾಟ್‌ಗೆ 4 ಯೂನಿಟ್ ಬಂದರೆ ತಿಂಗಳಿಗೆ 360 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 26,000 ರೂಪಾಯಿ ಆಸುಪಾಸು ಉಳಿತಾಯ. ನಾಲ್ಕೈದು ವರ್ಷದಲ್ಲಿ ಅಸಲು ವಾಪಸ್.

ಆದರೆ ನಿಮ್ಮ ಮನೆಯ ಬಳಕೆ ಕಡಿಮೆ ಇದ್ದು ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಉಳಿಸಲು ಬಿಲ್ಲೇ ಇಲ್ಲವಲ್ಲ. ತಿಂಗಳಿಗೆ 300, 400 ಯೂನಿಟ್ ಸುಡುವ ಮನೆಗಳಿಗೆ ಮಾತ್ರ ಇದು ನಿಜವಾಗಿ ಲಾಭ. ಅಂಥ ಮನೆ ನಿಮ್ಮದಾದರೆ, ಯಾವ ಷೇರೂ ಇಷ್ಟು ಭದ್ರವಾದ ಆದಾಯ ಕೊಡುವುದು ಕಷ್ಟ.

ಹೆಜ್ಜೆ 2: ಯಾರು ಏನು ಮಾಡುತ್ತಾರೆ ಎಂದು ಬೇರೆ ಬೇರೆ ಮಾಡಿಕೊಳ್ಳಿ

"ಸೋಲಾರ್ ಕಂಪನಿ" ಅಂತ ಒಂದೇ ಜಾತಿ ಇಲ್ಲ. ಮರಳಿನಿಂದ ಪಾಲಿಸಿಲಿಕಾನ್, ಅದರಿಂದ ವೇಫರ್ ಎಂಬ ತೆಳು ಬಿಲ್ಲೆ, ವೇಫರ್‌ನಿಂದ ಸೆಲ್, ಸೆಲ್ ಜೋಡಿಸಿ ಮಾಡ್ಯೂಲ್. ನಾವು ಪ್ಯಾನೆಲ್ ಅನ್ನುವುದು ಈ ಕೊನೆಯದಕ್ಕೆ. ವಾರೀ, ಪ್ರೀಮಿಯರ್ ಎನರ್ಜೀಸ್, ವಿಕ್ರಂ ಸೋಲಾರ್, ಬೆಂಗಳೂರಿನ ಎಮ್ವೀ ಇವೆಲ್ಲ ತಯಾರಕರ ಗುಂಪು. ಪ್ಲಾಂಟ್ ಕಟ್ಟಿಕೊಡುವ ಗುತ್ತಿಗೆದಾರರು ಇನ್ನೊಂದು ಗುಂಪು, ಇವರನ್ನು ಇಪಿಸಿ ಅನ್ನುತ್ತಾರೆ. ಪ್ಲಾಂಟ್ ಇಟ್ಟುಕೊಂಡು ವಿದ್ಯುತ್ ಮಾರುವವರು ಮೂರನೆಯವರು: ಅದಾನಿ ಗ್ರೀನ್, ಎನ್‌ಟಿಪಿಸಿ ಗ್ರೀನ್, ಆಕ್ಮೆ ಇಂಥವರು. ಟಾಟಾ ಪವರ್ ಥರದವು ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಇವೆ. ಸಾಲ ಕೊಡುವ ಇರೆಡಾ, ಗಾಜು ಮಾಡುವ ಬೋರೋಸಿಲ್ ರಿನ್ಯೂವಬಲ್ಸ್, ಇನ್ವರ್ಟರ್, ಕೇಬಲ್, ಟ್ರಾನ್ಸ್‌ಫಾರ್ಮರ್ ಮಾಡುವವರು ಅಕ್ಕಪಕ್ಕದಲ್ಲಿದ್ದಾರೆ.

ಒಂದು ಗುಂಪಿಗೆ ಒಳ್ಳೆಯ ಸುದ್ದಿ ಇನ್ನೊಂದಕ್ಕೆ ಕೆಟ್ಟ ಸುದ್ದಿ ಆಗಿರಬಹುದು. ಪ್ಯಾನೆಲ್ ಬೆಲೆ ಬಿದ್ದರೆ ವಿದ್ಯುತ್ ಮಾರುವವನಿಗೆ ಖುಷಿ, ತಯಾರಕನಿಗೆ ಹೊಡೆತ. 2021ರಲ್ಲಿ ಬೆಲೆ ಏರಿದಾಗ, ಮೊದಲೇ ಒಂದು ರೇಟಿಗೆ ಒಪ್ಪಿಕೊಂಡಿದ್ದ ಇಪಿಸಿ ಗುತ್ತಿಗೆದಾರರು ನಷ್ಟ ಅನುಭವಿಸಿದರು. ಆದ್ದರಿಂದ ಯಾವ ಕಂಪನಿ ನೋಡಿದರೂ ಮೊದಲ ಪ್ರಶ್ನೆ ಇದೇ: ಇದರ ಆದಾಯದಲ್ಲಿ ಯಾವ ಭಾಗ ಎಲ್ಲಿಂದ ಬರುತ್ತದೆ? ವಾರ್ಷಿಕ ವರದಿಯಲ್ಲಿ ವಿಭಾಗವಾರು ಆದಾಯ ಅಂತ ಒಂದು ಪುಟ ಇರುತ್ತದೆ. ಐದು ನಿಮಿಷದ ಕೆಲಸ.

ಹೆಜ್ಜೆ 3: ಒಂದು ಮೆಗಾವಾಟ್‌ನ ಲೆಕ್ಕವನ್ನು ನೀವೇ ಪೆನ್ನು ಹಿಡಿದು ಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ವಿದ್ಯುತ್ ಮಾರುವ ಕಂಪನಿಗಳ ಜೀವಾಳ ಪೂರ್ತಿ ಈ ಲೆಕ್ಕದಲ್ಲಿದೆ. ಸುಲಭಕ್ಕೆ ದುಂಡು ಸಂಖ್ಯೆ ತಗೊಳ್ಳುತ್ತೇನೆ.

1 ಮೆಗಾವಾಟ್ ಪ್ಲಾಂಟ್‌ಗೆ ಖರ್ಚು 4 ಕೋಟಿ. ವರ್ಷಕ್ಕೆ 8,760 ಗಂಟೆ. ರಾತ್ರಿ, ಮೋಡ, ಧೂಳು ಎಲ್ಲ ಕಳೆದು ಪ್ಲಾಂಟ್ ತನ್ನ ಶಕ್ತಿಯ ಶೇ. 22ರಷ್ಟು ಕೆಲಸ ಮಾಡುತ್ತದೆ ಅಂದುಕೊಳ್ಳೋಣ. ವರ್ಷಕ್ಕೆ ಸುಮಾರು 19.3 ಲಕ್ಷ ಯೂನಿಟ್. ಯೂನಿಟ್‌ಗೆ 2.50 ರೂಪಾಯಿ ಒಪ್ಪಂದ ಇದ್ದರೆ ಆದಾಯ 48 ಲಕ್ಷ.

ಈಗ ಖರ್ಚು. 4 ಕೋಟಿಯಲ್ಲಿ 3 ಕೋಟಿ ಸಾಲ, ಶೇ. 9 ಬಡ್ಡಿ. ಮೊದಲ ವರ್ಷದ ಬಡ್ಡಿ 27 ಲಕ್ಷ. ತೊಳೆಯುವುದು, ಕಾವಲು, ವಿಮೆ, ರಿಪೇರಿ ಎಲ್ಲ ಸೇರಿ 5 ಲಕ್ಷ. ಉಳಿದದ್ದು 16 ಲಕ್ಷ. 18 ವರ್ಷದಲ್ಲಿ ಸಾಲ ತೀರಿಸಬೇಕಾದರೆ ವರ್ಷಕ್ಕೆ ಅಸಲೇ 16ರಿಂದ 17 ಲಕ್ಷ. ಕೈಯಲ್ಲಿ ಏನು ಉಳಿಯಿತು? ಹೆಚ್ಚುಕಡಿಮೆ ಏನೂ ಇಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಿ. ಬಡ್ಡಿ ಶೇ. 9ರ ಬದಲು 8 ಆದರೆ 3 ಲಕ್ಷ ಉಳಿಯಿತು. ಗ್ರಿಡ್‌ನಲ್ಲಿ ಜಾಗ ಇಲ್ಲ ಅಂತ ಶೇ. 5ರಷ್ಟು ವಿದ್ಯುತ್ ತಗೊಳ್ಳದಿದ್ದರೆ ಸುಮಾರು 2.4 ಲಕ್ಷ ಹೋಯಿತು. ಎಸ್ಕಾಂ ಆರು ತಿಂಗಳು ದುಡ್ಡು ಕೊಡದಿದ್ದರೆ 24 ಲಕ್ಷ ಸಿಕ್ಕಿಹಾಕಿಕೊಂಡಿತು, ಆದರೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಒಪ್ಪಂದದ ದರ ಸಾಮಾನ್ಯವಾಗಿ 25 ವರ್ಷ ಒಂದೇ, ಹಣದುಬ್ಬರಕ್ಕೆ ತಕ್ಕಂತೆ ಏರುವುದಿಲ್ಲ. ಪ್ಯಾನೆಲ್ ಮಾತ್ರ ವರ್ಷ ವರ್ಷ ಚೂರು ಚೂರು ಸೊರಗುತ್ತದೆ. ಲಾಭ ಬರುವುದು ಸಾಲದ ಹೊರೆ ಇಳಿಯುತ್ತಾ ಹೋದ ಮೇಲೆ, ನಿಧಾನವಾಗಿ.

ಈ ಕಂಪನಿಗಳು ಬಾಡಿಗೆ ಮನೆ ಕಟ್ಟಿಸಿ ಬ್ಯಾಂಕಿನ ಕಂತು ಕಟ್ಟುವ ಮಾಲೀಕರಿದ್ದ ಹಾಗೆ. ಹಾಗಾಗಿ ಇವನ್ನು ನೋಡುವಾಗ ಮೆಗಾವಾಟ್ ಎಷ್ಟು ಅನ್ನುವುದಕ್ಕಿಂತ ಮೂರು ವಿಷಯ ಮುಖ್ಯ: ಸಾಲದ ಬಡ್ಡಿ ಎಷ್ಟು, ವಿದ್ಯುತ್ ಕೊಳ್ಳುವವರು ಯಾರು, ಬಾಕಿ ಎಷ್ಟು ದಿನದ್ದು. ಎನ್‌ಟಿಪಿಸಿ ಗ್ರೀನ್‌ನಂಥ ಸರ್ಕಾರಿ ಬೆನ್ನೆಲುಬಿನ ಕಂಪನಿಗೆ ಸಾಲ ಅಗ್ಗಕ್ಕೆ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ಅದರ ಬೆಲೆ ಏನು ಎಂದು ನೀವೇ ನೋಡಿದಿರಿ.

2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಯೂನಿಟ್‌ಗೆ 1.99 ರೂಪಾಯಿಗೆ ಬಿಡ್ ಬಂತು. ಎಲ್ಲ ಕಡೆ ದೊಡ್ಡ ಸುದ್ದಿ. ಷೇರುದಾರರ ಕಣ್ಣಲ್ಲಿ ಅದು ಖುಷಿಯ ಸುದ್ದಿಯೇ? 2.50ರ ಜಾಗದಲ್ಲಿ 1.99 ಹಾಕಿ ಲೆಕ್ಕ ಮಾಡಿ ನೋಡಿ, ಬಡ್ಡಿ ಮತ್ತು ಖರ್ಚು ತುಂಬ ಕಡಿಮೆ ಇದ್ದರೆ ಮಾತ್ರ ಅದು ನಡೆಯುತ್ತದೆ.

ಇನ್ನು ಸರ್ಕಾರದ ಮಾತು. 2019ರಲ್ಲಿ ಆಂಧ್ರದ ಹೊಸ ಸರ್ಕಾರ ಹಳೆಯ ಗಾಳಿ ಮತ್ತು ಸೋಲಾರ್ ಒಪ್ಪಂದಗಳ ದರವನ್ನೇ ಮತ್ತೆ ಚರ್ಚೆಗೆ ಎಳೆಯಿತು. ಕೊನೆಗೆ 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಕಂಪನಿಗಳ ಪರ ತೀರ್ಪು ಕೊಟ್ಟಿತು, ನಿಜ. ಆದರೆ ಅಲ್ಲಿಯವರೆಗೆ ಬಡ್ಡಿ ಓಡುತ್ತಲೇ ಇತ್ತು. ಕೊಳ್ಳುವವರು ಯಾವ ರಾಜ್ಯದ ಎಸ್ಕಾಂ ಎಂದು ನೋಡಬೇಕು ಅನ್ನುವುದು ಇದಕ್ಕೇ.

ಹೆಜ್ಜೆ 4: ಪ್ಯಾನೆಲ್ ಕಂಪನಿ ನೋಡುವಾಗ ರಕ್ಷಣೆಯ ಗೋಡೆ ಎಷ್ಟು ಗಟ್ಟಿ ಎಂದು ಅಳೆಯಿರಿ

ನಮ್ಮ ಪ್ಯಾನೆಲ್ ತಯಾರಕರ ಲಾಭ ಕಳೆದ ಕೆಲವು ವರ್ಷ ಚೆನ್ನಾಗಿದೆ. ಅದರಲ್ಲಿ ಅವರ ಶ್ರಮ ಇದೆ. ಸರ್ಕಾರದ ಗೋಡೆಯೂ ಇದೆ. 2022ರ ಏಪ್ರಿಲ್‌ನಿಂದ ಆಮದು ಮಾಡ್ಯೂಲ್‌ಗೆ ಶೇ. 40 ಸುಂಕ ಹಾಕಿದರು. 24,000 ಕೋಟಿಯ ಪಿಎಲ್‌ಐ ಪ್ರೋತ್ಸಾಹಧನ ಇಟ್ಟರು. ಎಎಲ್‌ಎಂಎಂ ಅಂತ ಒಂದು ಅನುಮೋದಿತ ಪಟ್ಟಿ ಇದೆ, ಅದರಲ್ಲಿ ಹೆಸರು ಇಲ್ಲದ ಮಾಡ್ಯೂಲ್ ಸರ್ಕಾರಿ ಯೋಜನೆಗಳಿಗೆ ಬಳಸುವಂತಿಲ್ಲ. ಇದು 2024ರ ಏಪ್ರಿಲ್‌ನಿಂದ ಮತ್ತೆ ಜಾರಿಗೆ ಬಂತು. ಸೆಲ್‌ಗೂ ಇಂಥದೇ ಪಟ್ಟಿಗೆ 2026ರ ಜೂನ್ 1ರ ಗಡುವು ಇಟ್ಟರು.

ಗೋಡೆಯ ಆಚೆ ಏನಿದೆ? ಸೋಲಾರ್ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ. 80ಕ್ಕಿಂತ ಹೆಚ್ಚು ಪಾಲು ಚೀನಾದ್ದು. ಅಲ್ಲಿ ಸಾಮರ್ಥ್ಯ ಎಷ್ಟು ಜಾಸ್ತಿ ಆಯಿತೆಂದರೆ, 2024ರಲ್ಲಿ ಲಾಂಗಿಯಂಥ ದೈತ್ಯ ಕಂಪನಿಯೇ 800 ಕೋಟಿ ಯುವಾನ್‌ಗೂ ಮಿಕ್ಕಿ ನಷ್ಟ ತೋರಿಸಿತು. ಗೋಡೆಯ ಒಳಗೆ? 2025ರ ಆಗಸ್ಟ್‌ನಲ್ಲಿ ಭಾರತದ ಮಾಡ್ಯೂಲ್ ತಯಾರಿಕಾ ಸಾಮರ್ಥ್ಯವೇ ವರ್ಷಕ್ಕೆ 100 ಗಿಗಾವಾಟ್ ದಾಟಿತು. 2024-25ರಲ್ಲಿ ದೇಶದಲ್ಲಿ ಹೊಸದಾಗಿ ಸೇರಿದ ಸೋಲಾರ್ 24 ಗಿಗಾವಾಟ್ ಆಸುಪಾಸು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪಟ್ಟಿಯಲ್ಲಿರುವುದೆಲ್ಲ ಪೂರ್ತಿ ಓಡುವುದಿಲ್ಲ, ಪ್ಯಾನೆಲ್‌ನ ಲೆಕ್ಕ ಮತ್ತು ಪ್ಲಾಂಟ್‌ನ ಲೆಕ್ಕ ಒಂದೇ ಅಲ್ಲ, ಸರಿ. ಆದರೂ ಅಂತರ ದೊಡ್ಡದು. ಬರೀ ಮಾಡ್ಯೂಲ್ ಜೋಡಿಸುವವರಿಗೆ ಬೆಲೆ ಸಮರ ತಪ್ಪಿದ್ದಲ್ಲ.

ಆಗ ಉಳಿಯುವವರು ಯಾರು? ನನ್ನ ಅಂದಾಜು: ಸೆಲ್ ಅನ್ನೂ ತಾವೇ ಮಾಡುವವರು. 2025ರಲ್ಲಿ ಸೆಲ್ ಸಾಮರ್ಥ್ಯ ಮಾಡ್ಯೂಲ್‌ನ ಸುಮಾರು ಕಾಲು ಭಾಗ ಮಾತ್ರ ಇತ್ತು. ಕೊರತೆ ಇರುವ ಕಡೆಯೇ ಲಾಭ ನಿಲ್ಲುತ್ತದೆ. ಆದರೆ ಎಲ್ಲರೂ ಈಗ ಸೆಲ್ ಕಾರ್ಖಾನೆ ಕಟ್ಟುತ್ತಿದ್ದಾರೆ, ಆದ್ದರಿಂದ ಈ ಅನುಕೂಲವೂ ಶಾಶ್ವತ ಅಲ್ಲ.

ರಫ್ತನ್ನೂ ನೋಡಿ. 2023-24ರಲ್ಲಿ ವಾರೀಯ ಆದಾಯದ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬಂದದ್ದು, ಅದರಲ್ಲಿ ಅಮೆರಿಕವೇ ಮುಖ್ಯ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ. 50 ಸುಂಕ ಹಾಕಿದಾಗ ಈ ವಲಯ ನಡುಗಿತು. ವಾಷಿಂಗ್ಟನ್‌ನ ನಿರ್ಧಾರ ತಿಂಗಳಲ್ಲೇ ಬದಲಾಗಬಹುದು. ಹಾಗಾಗಿ ರಫ್ತಿನ ಪಾಲು ಎಷ್ಟು, ಅಮೆರಿಕದಲ್ಲೇ ಕಾರ್ಖಾನೆ ಇದೆಯಾ ಎಂದು ಕೇಳಿ. ಯುರೋಪಿನಲ್ಲಿ ಗೋಡೆ ಇಲ್ಲದೆ ಏನಾಯಿತು ಎನ್ನುವುದಕ್ಕೆ ಬೋರೋಸಿಲ್ ರಿನ್ಯೂವಬಲ್ಸ್‌ನ ಜರ್ಮನ್ ಗಾಜಿನ ಕಾರ್ಖಾನೆ ಸಾಕ್ಷಿ. ಚೀನಾದ ಅಗ್ಗದ ಪ್ಯಾನೆಲ್ ಮುಂದೆ ಅಲ್ಲಿನ ಗಿರಾಕಿಗಳೇ ಬಾಗಿಲು ಹಾಕಿದ್ದರಿಂದ, 2025ರ ಜುಲೈನಲ್ಲಿ ಅದು ದಿವಾಳಿ ಅರ್ಜಿ ಹಾಕಬೇಕಾಯಿತು.

ಹೆಜ್ಜೆ 5: ಕತ್ತಲಾದ ಮೇಲೆ ಏನು ಎಂದು ಕೇಳಿ

ಸೋಲಾರ್‌ನ ಭವಿಷ್ಯ ಈಗ ನಿಂತಿರುವುದು ಸಂಜೆ ಆರರ ನಂತರದ ವಿದ್ಯುತ್ತಿನ ಮೇಲೆ. 2030ಕ್ಕೆ 500 ಗಿಗಾವಾಟ್ ಪಳೆಯುಳಿಕೆಯೇತರ (ಕಲ್ಲಿದ್ದಲು, ಅನಿಲ, ತೈಲ ಅಲ್ಲದ) ಸಾಮರ್ಥ್ಯ ಎಂಬ ಗುರಿ ಇದೆ. ಒಟ್ಟು ಸಾಮರ್ಥ್ಯದ ಅರ್ಧ ಈಗಾಗಲೇ, 2025ರ ಮಧ್ಯದಲ್ಲೇ, ಆ ಗುಂಪಿನದು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ನಿಜವಾಗಿ ಹರಿಯುವ ವಿದ್ಯುತ್ತಿನಲ್ಲಿ ಬಹುಪಾಲು ಈಗಲೂ ಕಲ್ಲಿದ್ದಲಿನದೇ. ಮಧ್ಯಾಹ್ನ ಸೋಲಾರ್ ಉಕ್ಕುತ್ತದೆ. 2025ರಲ್ಲಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಹಗಲಿನ ಬೆಲೆ ಸೊನ್ನೆ ಹತ್ತಿರಕ್ಕೆ ಬಿದ್ದ ಹೊತ್ತೂ ಇತ್ತು. ಸಂಜೆ ಎಲ್ಲರೂ ಮನೆಗೆ ಬಂದು ಸ್ವಿಚ್ ಹಾಕಿದಾಗ ಅದೇ ಯೂನಿಟ್ ಅಲ್ಲಿನ ಗರಿಷ್ಠ ಮಿತಿಯಾದ 10 ರೂಪಾಯಿ ಮುಟ್ಟಬಲ್ಲದು.

ಹೀಗಾಗಿ ಬರೀ ಹಗಲಿನ ಸೋಲಾರ್ ಕೊಳ್ಳಲು ಎಸ್ಕಾಂಗಳಿಗೆ ಆಸಕ್ತಿ ಕುಗ್ಗಿದೆ. ಹರಾಜಿನಲ್ಲಿ ಗೆದ್ದರೂ ಕೊಳ್ಳುವ ಒಪ್ಪಂದಕ್ಕೆ ಸಹಿ ಬೀಳದೆ ಕಾಯುತ್ತಿದ್ದ ಯೋಜನೆಗಳು 2025ರಲ್ಲಿ 40 ಗಿಗಾವಾಟ್‌ಗೂ ಮಿಕ್ಕಿದ್ದವು. ರಾಜಸ್ಥಾನದಲ್ಲಿ ಪ್ಲಾಂಟ್ ಸಿದ್ಧ ಇದ್ದರೂ ಲೈನ್ ಸಿದ್ಧ ಇಲ್ಲದೆ ವಿದ್ಯುತ್ ಕಡಿತ ಮಾಡಿಕೊಳ್ಳಬೇಕಾಯಿತು. ಕಂಪನಿಯವರು "ನಮ್ಮ ಹತ್ತಿರ ಇಷ್ಟು ಗಿಗಾವಾಟ್ ಆರ್ಡರ್ ಇದೆ" ಅಂದಾಗ ತಕ್ಷಣ ಕೇಳಿ: ಅದರಲ್ಲಿ ಒಪ್ಪಂದಕ್ಕೆ ಸಹಿ ಆದದ್ದು ಎಷ್ಟು? ಲೈನ್ ಸಂಪರ್ಕ ಸಿಕ್ಕಿದ್ದು ಎಷ್ಟು? ಬ್ಯಾಟರಿ ಜೊತೆಗೆ ಇರುವುದು ಎಷ್ಟು?

2025ರ ಫೆಬ್ರವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವೇ ಹೊಸ ಸೋಲಾರ್ ಟೆಂಡರ್‌ಗಳ ಜೊತೆ ಎರಡು ಗಂಟೆಯ ಸಂಗ್ರಹಣೆ ಇಡಲು ಸಲಹೆ ಕೊಟ್ಟಿತು. ಮುಂದಿನ ದಾರಿ ಅದೇ. ನನ್ನ ಮಟ್ಟಿಗೆ, ಮುಂದಿನ ವರ್ಷಗಳಲ್ಲಿ ಪ್ಯಾನೆಲ್ ಮಾಡುವವರಿಗಿಂತ ವಿದ್ಯುತ್ತನ್ನು ಹೊತ್ತೊಯ್ಯುವ, ಹಿಡಿದಿಡುವ ಕಂಪನಿಗಳ ಕೈಯಲ್ಲಿ ದುಡ್ಡು ಉಳಿಯುವ ಸಾಧ್ಯತೆ ಜಾಸ್ತಿ. ಅಲ್ಲೂ ಪೈಪೋಟಿ ಇದೆ, ಬೇರೆ ಬೆಲೆಯೂ ಇದೆ: ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಇಟ್ಟು, ಬೇಕಾದಾಗ ಹರಿಸಿ ವಿದ್ಯುತ್ ಪಡೆಯುವ) ಯೋಜನೆಗೆ ಮಲೆನಾಡಿನಲ್ಲಿ ಎದ್ದ ವಿರೋಧ ನೋಡಿದ್ದೇವೆ. ಕಾಡು ಕಳೆದುಕೊಂಡು ಹಸಿರು ವಿದ್ಯುತ್ ಪಡೆಯುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಹೂಡಿಕೆದಾರರಾಗಿ ನೋಡಿದರೂ ಅಂಥ ಯೋಜನೆಗಳು ತಡವಾಗುತ್ತವೆ.

ಹೆಜ್ಜೆ 6: ಕಾಗದ ಪತ್ರ ಓದಿ, ಮುಖ್ಯವಾಗಿ ಕ್ರೆಡಿಟ್ ರೇಟಿಂಗ್

ಜೆನ್‌ಸೋಲ್ ಎಂಜಿನಿಯರಿಂಗ್ ಸೋಲಾರ್ ಇಪಿಸಿ ಕಂಪನಿಯಾಗಿ ಹೆಸರು ಮಾಡಿತ್ತು, ಆಮೇಲೆ ವಿದ್ಯುತ್ ಕಾರುಗಳ ವ್ಯವಹಾರಕ್ಕೂ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಕಾರು ಕೊಳ್ಳಲು ಪಡೆದ ಸಾಲದ ಹಣ ಬೇರೆ ಕಡೆ ಹೋಗಿದೆ, ಪ್ರವರ್ತಕರ (ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರ) ದುಬಾರಿ ಫ್ಲಾಟ್‌ಗೂ ಹೋಗಿದೆ ಎಂದು ಅದರಲ್ಲಿ ಹೇಳಿತು. ಷೇರು ನೆಲ ಕಚ್ಚಿತು. ಆದರೆ ಗಮನಿಸಿ, ಅದಕ್ಕೂ ಮುಂಚೆ ಮಾರ್ಚ್‌ನಲ್ಲೇ ಎರಡು ರೇಟಿಂಗ್ ಸಂಸ್ಥೆಗಳು ಅದರ ಸಾಲದ ರೇಟಿಂಗ್ ಅನ್ನು 'ಡಿ'ಗೆ, ಅಂದರೆ ಸಾಲ ಕಟ್ಟದವರ ಮಟ್ಟಕ್ಕೆ, ಇಳಿಸಿದ್ದವು. ಆ ವರದಿ ಯಾರು ಬೇಕಾದರೂ ಉಚಿತವಾಗಿ ಓದಬಹುದಿತ್ತು.

ಆದ್ದರಿಂದ ಕ್ರಿಸಿಲ್, ಇಕ್ರಾ, ಕೇರ್ ಎಂಬ ರೇಟಿಂಗ್ ಸಂಸ್ಥೆಗಳ ವರದಿ ಮೊದಲು ಓದಿ. ಯೂಟ್ಯೂಬ್ ವಿಡಿಯೋ ಆಮೇಲೆ. ನಂತರ ನಗದು ಹರಿವಿನ ಪಟ್ಟಿ: ಲಾಭ ತೋರಿಸುತ್ತಾ ವ್ಯವಹಾರದಿಂದ ನಗದು ಬರುತ್ತಿಲ್ಲ ಎಂದರೆ ದುಡ್ಡು ಬಾಕಿಯಲ್ಲೋ ಗೋದಾಮಿನಲ್ಲೋ ಸಿಕ್ಕಿದೆ. ಪ್ರವರ್ತಕರು ಅಡ ಇಟ್ಟ ಷೇರು ಎಷ್ಟು, ಅವರದೇ ಬೇರೆ ಕಂಪನಿಗಳಿಗೆ ಸಾಲ ಕೊಟ್ಟಿದ್ದಾರಾ ಎಂದೂ ನೋಡಿ.

ಹೆಜ್ಜೆ 7: ಒಳ್ಳೆಯ ಕಂಪನಿಯಾದರೂ ಬೆಲೆ ನೋಡಿ

ಇರೆಡಾ 2023ರ ನವೆಂಬರ್‌ನಲ್ಲಿ 32 ರೂಪಾಯಿಗೆ ಐಪಿಒ ಬಂತು, ಅಂದರೆ ಮೊದಲ ಬಾರಿ ಜನರಿಗೆ ಷೇರು ಮಾರಿತು. 2024ರ ಜುಲೈನಲ್ಲಿ 300 ದಾಟಿತು. 2025ರ ಮಾರ್ಚ್ ಹೊತ್ತಿಗೆ ಅದರ ಅರ್ಧ. ಅಷ್ಟರಲ್ಲಿ ಕಂಪನಿಯ ವ್ಯವಹಾರ ಕುಸಿದಿರಲಿಲ್ಲ, ಬೆಳೆದಿತ್ತು. 32ಕ್ಕೆ ಕೊಂಡವರೂ 300ಕ್ಕೆ ಕೊಂಡವರೂ ಹಿಡಿದಿದ್ದು ಒಂದೇ ಕಂಪನಿ.

ಐಪಿಒಗಳಲ್ಲೂ ಅಷ್ಟೇ. ಪ್ರೀಮಿಯರ್ 450ಕ್ಕೆ ಕೊಟ್ಟ ಷೇರು 2024ರ ಸೆಪ್ಟೆಂಬರ್‌ನಲ್ಲಿ 990ಕ್ಕೆ ತೆರೆಯಿತು. ಎರಡೇ ತಿಂಗಳ ನಂತರ ಆಕ್ಮೆ ಕೊಟ್ಟ ಬೆಲೆಗಿಂತ ಕೆಳಗೆ ತೆರೆಯಿತು. ಎಮ್ವೀ 2025ರ ನವೆಂಬರ್‌ನಲ್ಲಿ ಬಂದಾಗ ಮೊದಲ ದಿನ ಹೆಚ್ಚುಕಡಿಮೆ ಕೊಟ್ಟ ಬೆಲೆಯಲ್ಲೇ ನಿಂತಿತು. ಮೊದಲ ದಿನದ ಲಾಭ ನಂಬಿ ಅರ್ಜಿ ಹಾಕುವುದು ಹೂಡಿಕೆ ಅಲ್ಲ.

ಹೆಜ್ಜೆ 8: ಯಾವ ದಾರಿಯಲ್ಲಿ ಹಾಕುವುದು

ನೇರವಾಗಿ ಷೇರು ಕೊಂಡರೆ ಒಂದೇ ಗುಂಪಿನ ನಾಲ್ಕು ಕಂಪನಿ ಬೇಡ. ಒಬ್ಬ ತಯಾರಕ, ಒಬ್ಬ ವಿದ್ಯುತ್ ಮಾರುವವ, ಒಂದು ಲೈನ್ ಅಥವಾ ಉಪಕರಣದ ಕಂಪನಿ ಹೀಗೆ ಹರಡಿ. ಒಟ್ಟು ಉಳಿತಾಯದಲ್ಲಿ ಈ ವಲಯಕ್ಕೆ ಶೇ. 10 ದಾಟಬೇಡಿ ಎನ್ನುವುದು ನನ್ನ ನಿಲುವು.

ನಿಯಮಿತ ಆದಾಯ ಬೇಕಿದ್ದವರು ಇನ್ವಿಟ್ ನೋಡಬಹುದು, ಅಂದರೆ ಮೂಲಸೌಕರ್ಯ ಇಟ್ಟುಕೊಂಡು ಅದರ ಆದಾಯ ಹೂಡಿಕೆದಾರರಿಗೆ ಹಂಚುವ ಟ್ರಸ್ಟ್. ಅಂಥದೊಂದಾದ ಇಂಡಿಗ್ರಿಡ್‌ನಲ್ಲಿ ವಿದ್ಯುತ್ ಲೈನ್‌ಗಳ ಜೊತೆ ಸೋಲಾರ್ ಪ್ಲಾಂಟ್‌ಗಳೂ ಇವೆ, ಹಂಚಬಹುದಾದ ನಗದಿನಲ್ಲಿ ಶೇ. 90 ಹಂಚಲೇಬೇಕು ಎಂಬ ನಿಯಮ ಇದೆ. ಷೇರಿನಷ್ಟು ಜಿಗಿತ ಇಲ್ಲ. 'ಎನರ್ಜಿ' ಹೆಸರಿನ ಮ್ಯೂಚುವಲ್ ಫಂಡ್ ಕೊಳ್ಳುವ ಮುಂಚೆ ಒಳಗೆ ಏನಿದೆ ನೋಡಿ, ತೈಲ ಮತ್ತು ಕಲ್ಲಿದ್ದಲು ವಿದ್ಯುತ್ ಕಂಪನಿಗಳೇ ಜಾಸ್ತಿ ಇರುತ್ತವೆ.

ಹೊರದೇಶದ ಫಂಡ್‌ಗಳಲ್ಲಿ 'ಟ್ಯಾನ್' ಎಂಬ ಸೋಲಾರ್ ಇಟಿಎಫ್ (ಷೇರಿನಂತೆ ಪೇಟೆಯಲ್ಲಿ ಕೊಂಡು ಮಾರುವ ಫಂಡ್) ಹೆಸರಾದದ್ದು. 2021ರ ಆರಂಭದಲ್ಲಿ 120 ಡಾಲರ್ ದಾಟಿದ್ದು, 2025ರ ಏಪ್ರಿಲ್‌ನಲ್ಲಿ 30ಕ್ಕಿಂತ ಕೆಳಗೆ ಇಳಿಯಿತು. ಹರಡಿದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಿ: ಭಾರತದ ಮ್ಯೂಚುವಲ್ ಫಂಡ್‌ಗಳು ಹೊರದೇಶದ ಫಂಡ್‌ಗಳಿಗೆ ಅನ್ವಯಿಸುವ ಅಲ್ಲಿನ ಪಿಎಫ್‌ಐಸಿ ತೆರಿಗೆ ನಿಯಮಕ್ಕೆ ಬರುತ್ತವೆ, ಲೆಕ್ಕ ತುಂಬಾ ತಲೆನೋವು. ಮೊದಲು ಅಲ್ಲಿನ ಲೆಕ್ಕಪರಿಶೋಧಕರನ್ನು ಕೇಳಿ.

"ನಮ್ಮ ಸೋಲಾರ್ ಪ್ಲಾಂಟ್‌ನಲ್ಲಿ ಒಂದು ಲಕ್ಷ ಹಾಕಿ, ತಿಂಗಳಿಗೆ ಇಷ್ಟು ಗ್ಯಾರಂಟಿ" ಅಂತ ವಾಟ್ಸಾಪ್‌ನಲ್ಲಿ ಬಂದರೆ ಹೆಜ್ಜೆ 3ರ ಲೆಕ್ಕ ಹಾಕಿ. ತಿಂಗಳಿಗೆ ಶೇ. 3 ಕೊಡುವ ದುಡ್ಡು ಆ ಪ್ಲಾಂಟ್‌ನಲ್ಲಿ ಹುಟ್ಟುವುದೇ ಇಲ್ಲ.

ಹೆಜ್ಜೆ 9: ಕೊಂಡ ಮೇಲೆ

ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ನೋಡಿದರೆ ಸಾಕು. ದಿನಾ ಬೆಲೆ ನೋಡಬೇಡಿ. ತಯಾರಕ ಕಂಪನಿಯಾದರೆ ಪ್ರತಿ ವಾಟ್‌ಗೆ ಸಿಗುತ್ತಿರುವ ಲಾಭ ಇಳಿಯುತ್ತಿದೆಯೇ, ಸೆಲ್ ಕಾರ್ಖಾನೆ ಹೇಳಿದ ದಿನಕ್ಕೆ ಓಡಿತೇ. ವಿದ್ಯುತ್ ಮಾರುವವರಾದರೆ ಸಾಲ ಎಷ್ಟು ಏರಿತು, ಬಾಕಿ ಎಷ್ಟು ದಿನಕ್ಕೆ ಬರುತ್ತಿದೆ, ಗ್ರಿಡ್ ಎಷ್ಟು ಕಡಿತ ಮಾಡಿತು.

ಮಾರುವ ಕಾರಣವನ್ನು ಕೊಳ್ಳುವ ದಿನವೇ ಬರೆದಿಡಿ. ಆಮದು ಸುಂಕ ತೆಗೆದರೆ, ರೇಟಿಂಗ್ ಇಳಿದರೆ, ಲೆಕ್ಕಪರಿಶೋಧಕರು ಮಧ್ಯದಲ್ಲಿ ರಾಜೀನಾಮೆ ಕೊಟ್ಟರೆ ಅಂತ ಸ್ಪಷ್ಟವಾಗಿ. ಬೆಲೆ ಬಿದ್ದಿದೆ ಎನ್ನುವುದೊಂದೇ ಮಾರಲು ಕಾರಣ ಅಲ್ಲ, ನೀವು ಬರೆದಿಟ್ಟದ್ದು ನಡೆದುಹೋದರೆ ಬೆಲೆ ಏರುತ್ತಿದ್ದರೂ ಮಾರಿ. ತೆರಿಗೆಗೆ 2024ರ ಜುಲೈ 23ರಿಂದ ಬಂದ ನಿಯಮ ನೆನಪಿಡಿ: ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ. 20, ವರ್ಷ ದಾಟಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. ಆದರೆ ತೆರಿಗೆ ಉಳಿಸಲೆಂದು ರೇಟಿಂಗ್ ಬಿದ್ದ ಷೇರನ್ನು ಇನ್ನೆರಡು ತಿಂಗಳು ಹಿಡಿದು ಕೂರಬೇಡಿ.